ಗುದ್ದಲಿ ಹಿಡಿಯುವ ಮುನ್ನ: ಯಾವ ಮನೆ ಕೆಲಸಕ್ಕೆ ಪರವಾನಗಿ ಬೇಕು?

(ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ಕೆಲಸದಲ್ಲಿ ಮೂರು ದಶಕ ಕಳೆದಿದ್ದೇನೆ. ಈ ಅವಧಿಯಲ್ಲಿ ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ನಕ್ಷೆಯ ಬಗ್ಗೆಯೂ ಅಲ್ಲ, ವಾಸ್ತುವಿನ ಬಗ್ಗೆಯೂ ಅಲ್ಲ. "ಇಷ್ಟು ಸಣ್ಣ ಕೆಲಸಕ್ಕೂ ಪರ್ಮಿಷನ್ ತಗೋಬೇಕಾ ಸಾರ್?" ಎಂಬುದೇ ಆ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಿರುತ್ತದೆ. ಮೇಸ್ತ್ರಿ "ಏನೂ ಬೇಡ" ಎಂದಿರುತ್ತಾರೆ, ಪಕ್ಕದ ಮನೆಯವರು ಹಿಂದಿನ ವರ್ಷ ಯಾರನ್ನೂ ಕೇಳದೆ ಮಹಡಿ ಎತ್ತಿಸಿರುತ್ತಾರೆ, ಜಾಗ ಹೇಗೂ ಸ್ವಂತದ್ದು. ನನ್ನಿಂದ ಅವರಿಗೆ ಬೇಕಾಗಿರುವುದು ಒಂದು ತಲೆಯಾಡಿಸುವಿಕೆ ಮಾತ್ರ. ಆ ತಲೆಯಾಡಿಸುವ ಮುನ್ನ ಏನೇನನ್ನು ನೋಡಬೇಕಾಗುತ್ತದೆ ಎಂಬುದನ್ನು ಕರ್ನಾಟಕದ ಕಾನೂನಿನ ಚೌಕಟ್ಟಿನಲ್ಲಿ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ ಒಂದು ತಪ್ಪು ಅಳತೆಗೋಲನ್ನು ಪಕ್ಕಕ್ಕಿಡೋಣ. ಕೆಲಸ ಸಣ್ಣದೋ ದೊಡ್ಡದೋ ಎಂಬುದನ್ನು ನಾವು ಖರ್ಚಿನಿಂದ ಅಳೆಯುತ್ತೇವೆ, ಕಾನೂನು ಹಾಗೆ ಅಳೆಯುವುದಿಲ್ಲ. ಇಡೀ ಮನೆಗೆ ಗ್ರಾನೈಟ್ ನೆಲ ಹಾಸಿಸಿ, ಅಡುಗೆಮನೆಯನ್ನು ಹೊಸದಾಗಿಸಿ, ಒಳಗೂ ಹೊರಗೂ ಬಣ್ಣ ಹೊಡೆಸಿ ಹತ್ತು ಲಕ್ಷ ರೂಪಾಯಿ ಕೈಬಿಟ್ಟರೂ ಪರವಾನಗಿಯ ಪ್ರಶ್ನೆ ಏಳುವುದಿಲ್ಲ. ಅದೇ ಮನೆಯ ಮುಂದಿನ ತೆರೆದ ಜಾಗಕ್ಕೆ ನಾಲ್ಕು ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸಿದರೆ ಪ್ರಶ್ನೆ ಏಳುತ್ತದೆ. ಇದು ಅನೇಕರಿಗೆ ತಲೆಕೆಳಗಾದ ನ್ಯಾಯದಂತೆ ಕಾಣುತ್ತದೆ. ಆದರೆ ಮನೆಯ ಒಳಗಿನ ನೆಲದಿಂದ ಬೀದಿಗೆ, ನೆರೆಯವರಿಗೆ, ಕಟ್ಟಡದ ಬಲಕ್ಕೆ ಏನೂ ಆಗುವುದಿಲ್ಲ. ತೆರೆದ ಜಾಗ ಮುಚ್ಚಿದರೆ ಪಕ್ಕದವರ ಗಾಳಿ ಬೆಳಕೂ ಅಗ್ನಿಶಾಮಕ ವಾಹನದ ಹಾದಿಯೂ ಕಿರಿದಾಗುತ್ತವೆ. ಈ ವ್ಯತ್ಯಾಸ ಮನಸ್ಸಿಗೆ ನಾಟಿದರೆ ಉಳಿದ ನಿಯಮಗಳಲ್ಲಿ ಅರ್ಧದಷ್ಟನ್ನು ಪುಸ್ತಕ ನೋಡದೆಯೇ ಊಹಿಸಬಹುದು.

ಕಾನೂನಿನ ಮಾತಿಗೆ ಬರುತ್ತೇನೆ. ನಗರಪಾಲಿಕೆಗಳಿರುವ ಊರುಗಳಿಗೆ 1976ರ ಕರ್ನಾಟಕ ನಗರಪಾಲಿಕೆಗಳ ಕಾಯ್ದೆ, ನಗರಸಭೆ ಮತ್ತು ಪುರಸಭೆಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಅನ್ವಯಿಸುತ್ತವೆ. ಬೆಂಗಳೂರಿಗೆ ಮಾತ್ರ ಈಗ ಬೇರೆಯದೇ ಕಾಯ್ದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಹಳೆಯ ಮಹಾನಗರ ಪಾಲಿಕೆಯ ಜಾಗದಲ್ಲಿ 2025ರಲ್ಲಿ ಐದು ಪಾಲಿಕೆಗಳು ಬಂದಿವೆ. ಕಾಯ್ದೆ ಯಾವುದೇ ಇರಲಿ, ಹೊಸ ಮನೆಯಾದರೆ ಚರ್ಚೆಗೆ ಅವಕಾಶವೇ ಇಲ್ಲ: ತಳಪಾಯ ತೋಡುವ ಮೊದಲೇ ನಕ್ಷೆ ಮಂಜೂರಾಗಿರಬೇಕು. ಹಳೆಯ ಮನೆಯನ್ನು ಕೆಡವಿ ಅದೇ ಅಳತೆಯಲ್ಲಿ ಮತ್ತೆ ಕಟ್ಟುವುದೂ ಹೊಸ ಮನೆಯೇ. "ಅಜ್ಜ ಕಟ್ಟಿಸಿದ ಮನೆ ಇದ್ದ ಜಾಗವೇ ಅಲ್ಲವೇ" ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಅಜ್ಜನ ಕಾಲದ ಗೋಡೆ ರಸ್ತೆಯ ಅಂಚಿನಲ್ಲೇ ಇದ್ದಿರಬಹುದು, ಇಂದಿನ ನಿಯಮ ಅಲ್ಲಿ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಬಿಡಬೇಕಾದ ತೆರೆದ ಜಾಗ, ಕೇಳುತ್ತದೆ.

ಗೊಂದಲವೆಲ್ಲ ಇರುವುದು ಈಗಾಗಲೇ ನಿಂತಿರುವ ಮನೆಯ ಕೆಲಸದಲ್ಲಿ. ಇದಕ್ಕೆ ನಗರಪಾಲಿಕೆಗಳ ಕಾಯ್ದೆಯ 320ನೆಯ ಕಲಮಿನಲ್ಲಿ ಒಂದು ಸೊಗಸಾದ ಪರೀಕ್ಷೆಯಿದೆ. ಮಾರ್ಪಾಡಿಗೂ ಸೇರ್ಪಡೆಗೂ ಹೊಸ ಕಟ್ಟಡದ ನಿಯಮಗಳೇ ಅನ್ವಯಿಸುತ್ತವೆ ಎಂದು ಹೇಳಿದ ಮೇಲೆ, ಕಟ್ಟಡದ ಅಥವಾ ಅದರೊಳಗಿನ ಯಾವುದೇ ಕೋಣೆಯ ಸ್ಥಾನಕ್ಕಾಗಲಿ ಅಳತೆಗಾಗಲಿ ಧಕ್ಕೆ ತಾರದ ಅಗತ್ಯ ದುರಸ್ತಿಯನ್ನು ಮಾರ್ಪಾಡೆಂದೂ ಸೇರ್ಪಡೆಯೆಂದೂ ಎಣಿಸಬಾರದು ಎಂಬ ತಾತ್ಪರ್ಯದ ಮಾತನ್ನು ಅದು ಸೇರಿಸುತ್ತದೆ. ಸ್ಥಾನ ಮತ್ತು ಅಳತೆ, ಈ ಎರಡು ಪದಗಳನ್ನು ನೆನಪಿಟ್ಟುಕೊಳ್ಳಿ. ಕೋಣೆ ಇದ್ದಲ್ಲೇ ಇದ್ದು, ಇದ್ದಷ್ಟೇ ಇದ್ದರೆ ಅದು ದುರಸ್ತಿ. ಕೋಣೆ ಬೆಳೆದರೆ, ಸರಿದರೆ, ಹೊಸದೊಂದು ಹುಟ್ಟಿದರೆ ಅದು ಪರವಾನಗಿಯ ಕೆಲಸ. ಪುರಸಭೆಗಳ ಕಾಯ್ದೆಯ 187ನೆಯ ಕಲಮು ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳುತ್ತದೆ: ಹೊಸ ಕಟ್ಟಡ, ಇದ್ದ ಕಟ್ಟಡಕ್ಕೆ ಸೇರ್ಪಡೆ, ಅದರ ಹೊರಭಾಗದ ಮಾರ್ಪಾಡು, ಹೊರಚಾಚಿದ ಭಾಗವನ್ನು ಮತ್ತೆ ಕಟ್ಟುವುದು, ಇವುಗಳಿಗೆ ಮುಂಚಿತವಾಗಿ ತಿಳಿಸಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಪರವಾನಗಿ ಬೇಡದ ಕೆಲಸಗಳನ್ನು ಹೆಸರಿಸಿಯೇ ಹೇಳಲಾಗಿದೆ. ಬಾಗಿಲು, ಕಿಟಕಿ, ಗವಾಕ್ಷಿಗಳನ್ನು ತೆರೆಯುವುದು ಮುಚ್ಚುವುದು, ಕೋಣೆಯಿಂದ ಕೋಣೆಗೆ ಬಾಗಿಲಿಡುವುದು, ಒಳಗೆ ಮರೆಗೋಡೆ ಹಾಕುವುದು, ಫಾಲ್ಸ್ ಸೀಲಿಂಗ್, ಕೈತೋಟ, ಸುಣ್ಣ ಬಣ್ಣ, ಗಿಲಾವು ಮತ್ತು ತೇಪೆ ಕೆಲಸ, ನೆಲಹಾಸು ಬದಲಿಸುವುದು, ಚಾವಣಿ ಹೊದಿಕೆಯನ್ನು ಹೊಸದಾಗಿಸುವುದು, ಸ್ವಂತ ಜಾಗದೊಳಗೆ ಬಿಸಿಲು ಮಳೆ ತಡೆಯುವ ಸಜ್ಜೆ ಕಟ್ಟುವುದು ಅದರಲ್ಲಿ ಸೇರಿವೆ. ಈ ಪಟ್ಟಿಯನ್ನು ಕೇಳಿದವರಿಗೆ ನೆಮ್ಮದಿಯಾಗುತ್ತದೆ. ಆದರೆ ಪಟ್ಟಿಯ ನೆತ್ತಿಯ ಮೇಲೆ ಒಂದು ಷರತ್ತಿದೆ: ಕಟ್ಟಡದ ಸಾಮಾನ್ಯ ನಿಯಮಗಳು, ರಚನೆಯ ದೃಢತೆ, ಬೆಂಕಿಯಿಂದ ರಕ್ಷಣೆ, ಈ ಮೂರಕ್ಕೂ ಭಂಗ ಬರಬಾರದು. ಪಟ್ಟಿಯನ್ನು ಓದಿ ಷರತ್ತನ್ನು ಬಿಟ್ಟವರು ಕಡಿಮೆಯಿಲ್ಲ. ಸಂಹಿತೆ ಮಾದರಿ ಮಾತ್ರವೆಂಬುದನ್ನೂ, ನಿಮ್ಮ ಊರಿನ ಕಟ್ಟಡ ಉಪವಿಧಿಯೇ (ಬೈಲಾ) ಅಂತಿಮವೆಂಬುದನ್ನೂ ಮರೆಯಬಾರದು.

ಆ ಷರತ್ತಿನಲ್ಲಿ ರಚನೆಯ ದೃಢತೆ ಎಂಬ ಮಾತಿಗೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ನಮ್ಮಲ್ಲಿ ಎರಡು ಬಗೆಯ ಮನೆಗಳಿವೆ. ಈಚಿನವು ಪಿಲ್ಲರ್ ಮತ್ತು ಬೀಮುಗಳ ಮೇಲೆ ನಿಂತವು. ಅಲ್ಲಿ ಒಳಗಿನ ಇಟ್ಟಿಗೆ ಗೋಡೆ ಬಹುಮಟ್ಟಿಗೆ ಪರದೆಯಷ್ಟೇ. ಹಿಂದಿನ ತಲೆಮಾರಿನ ಮನೆಗಳಲ್ಲಿ, ಇಂದಿಗೂ ಅನೇಕ ಊರುಗಳ ಒಂದಂತಸ್ತಿನ ಮನೆಗಳಲ್ಲಿ, ಮೇಲಿನ ಭಾರವನ್ನು ಹೊರುವುದು ಗೋಡೆಯೇ. ಹಜಾರವನ್ನು ದೊಡ್ಡದು ಮಾಡಲೆಂದು ನಡುವಿನ ಒಂಬತ್ತು ಅಂಗುಲದ ಗೋಡೆ ಒಡೆಸುವವರು ತಾವು ಒಳಗಿನ ಕೆಲಸ ಮಾಡಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ನಿಜದಲ್ಲಿ ಅವರು ಚಾವಣಿಯ ಕಾಲು ಕಡಿಸುತ್ತಿರುತ್ತಾರೆ. ಕೋಣೆಯ ಅಳತೆ ಬದಲಾದ್ದರಿಂದ 320ನೆಯ ಕಲಮಿನ ಪರೀಕ್ಷೆಯಲ್ಲೂ ಇದು ದುರಸ್ತಿಯಾಗಿ ಉಳಿಯುವುದಿಲ್ಲ.

ಚಾವಣಿಯ ಹೊದಿಕೆ ಬದಲಿಸುವ ವಿನಾಯಿತಿಯೂ ಇಷ್ಟೇ ಮೋಸಗೊಳಿಸುವಂಥದ್ದು. ಒಡೆದ ಹೆಂಚು ತೆಗೆದು ಹೊಸ ಹೆಂಚು ಹೊದಿಸಿದರೆ ಯಾರನ್ನೂ ಕೇಳಬೇಕಾಗಿಲ್ಲ. ಹೆಂಚು ತೆಗೆದು ಮೋಲ್ಡ್ ಹಾಕಿಸುವುದೂ ಚಾವಣಿ ಬದಲಿಸುವುದೇ ತಾನೇ ಎಂದು ಕೇಳುವವರಿಗೆ ನಾನು ಲೆಕ್ಕ ಹೇಳುತ್ತೇನೆ. ರೀಪುಗಳನ್ನೂ ಸೇರಿಸಿಕೊಂಡು ಮಂಗಳೂರು ಹೆಂಚಿನ ತೂಕ ಚದರ ಮೀಟರಿಗೆ ಸುಮಾರು 65 ಕಿಲೋ. ಐದು ಅಂಗುಲ ದಪ್ಪದ ಕಾಂಕ್ರೀಟಿನ ತೂಕ ಅದೇ ಚದರ ಮೀಟರಿಗೆ 300 ಕಿಲೋಗೂ ಮಿಕ್ಕಿ, ಅದರ ಮೇಲಿನ ಗಾರೆ, ಓಡಾಡುವ ಜನ, ನೀರಿನ ಟ್ಯಾಂಕು ಬೇರೆ. ಸಾವಿರ ಲೀಟರ್ ನೀರೆಂದರೆ ಒಂದು ಟನ್. ಮಣ್ಣಿನ ಗೋಡೆ ಹೆಂಚಿಗೆಂದು ಎದ್ದದ್ದು, ಅದಕ್ಕೆ ಈ ಭಾರದ ಪರಿಚಯವೇ ಇಲ್ಲ. ಇಂಥ ಕೆಲಸಕ್ಕೆ ಪರವಾನಗಿ ಬೇಕೆನ್ನುವಾಗ ಕಾನೂನು ಕೇಳುತ್ತಿರುವುದು ಶುಲ್ಕವನ್ನಲ್ಲ, ಯಾರಾದರೂ ಎಂಜಿನಿಯರ್ ಈ ಗೋಡೆಯನ್ನು ನೋಡಿದ್ದಾರೆಯೇ ಎಂಬ ಪ್ರಶ್ನೆಯನ್ನು.

ಇದೇ ಕಾರಣಕ್ಕೆ ಮೇಲಿನ ಮಹಡಿಯ ವಿಷಯದಲ್ಲಿ ನಾನು ರಾಜಿಗೆ ಸಿಗುವವನಲ್ಲ. ನೆಲ ಅಂತಸ್ತಿಗೆ ಹಿಂದೊಮ್ಮೆ ನಕ್ಷೆ ಮಂಜೂರಾಗಿತ್ತು ಎಂಬುದು ಮೊದಲ ಮಹಡಿಗೆ ಅನುಮತಿಯಾಗುವುದಿಲ್ಲ. ಮೂರು ಅಂತಸ್ತಿಗೆ ಮಂಜೂರಾದ ನಕ್ಷೆ ನಾಲ್ಕನೆಯದಕ್ಕೆ ಸಾಲದು. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್‌ನಲ್ಲಿ ಕುಸಿದ ಕಟ್ಟಡವೂ ಕಟ್ಟುವ ಹಂತದಲ್ಲೇ ಇತ್ತು. ಪ್ರಾಣ ಕೊಟ್ಟವರು ಅಲ್ಲಿ ದುಡಿಯುತ್ತಿದ್ದ ಕಾರ್ಮಿಕರು.

ಇನ್ನು ಟೆರೇಸಿನ ಶೀಟು. ಕಬ್ಬಿಣದ ಚೌಕಟ್ಟು, ತಗಡಿನ ಹೊದಿಕೆ, ಬೋಲ್ಟು ಬಿಚ್ಚಿದರೆ ಕಳಚಿಕೊಳ್ಳುತ್ತದೆ, ಹಾಗಾಗಿ ಅದು ಕಟ್ಟಡವೇ ಅಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ನಗರಪಾಲಿಕೆಗಳ ಕಾಯ್ದೆಯ ವ್ಯಾಖ್ಯಾನದಲ್ಲಿ 'ಕಟ್ಟಡ' ಎಂದರೆ ಮನೆ ಮಾತ್ರವಲ್ಲ. ಹೊರಮನೆ, ಶೆಡ್ಡು, ಗುಡಿಸಲುಗಳೂ ಅದರಲ್ಲಿ ಬರುತ್ತವೆ, ಅವುಗಳನ್ನು ಇಟ್ಟಿಗೆಯಿಂದ ಕಟ್ಟಿದರೂ ಮಣ್ಣಿನಿಂದ ಕಟ್ಟಿದರೂ ಮರ ಅಥವಾ ಲೋಹದಿಂದ ಕಟ್ಟಿದರೂ. ಬಟ್ಟೆ ಒಣಗಿಸಲು ಒಂದಿಷ್ಟು ನೆರಳು ಮಾಡಿಕೊಂಡವರ ಮನೆಗೆ ಯಾರೂ ನೋಟಿಸು ಹಿಡಿದು ಬರುವುದಿಲ್ಲ, ಅದು ವ್ಯವಹಾರದ ಮಾತು. ಅದೇ ಶೀಟಿನ ಕೆಳಗೆ ಸುತ್ತಲೂ ಗೋಡೆ ಎದ್ದು, ಒಲೆ ಬಂದು, ಬಾಡಿಗೆಯವರು ಸೇರಿಕೊಂಡರೆ ಅದು ಇನ್ನೊಂದು ಅಂತಸ್ತು, ಅದು ಕಾನೂನಿನ ಮಾತು.

ಒಂದು ಇಟ್ಟಿಗೆಯನ್ನೂ ಸರಿಸದೆ ಅನುಮತಿ ಬೇಕಾಗುವ ಸಂದರ್ಭವೂ ಇದೆ ಎಂದರೆ ನೀವು ಆಶ್ಚರ್ಯಪಡಬಹುದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 'ಅಭಿವೃದ್ಧಿ' ಎಂಬ ಪದಕ್ಕೆ ಕಟ್ಟುವುದಷ್ಟೇ ಅರ್ಥವಲ್ಲ. ಕಟ್ಟಡದ ಅಥವಾ ಭೂಮಿಯ ಬಳಕೆಯಲ್ಲಿ ಗಣನೀಯ ಬದಲಾವಣೆಯೂ ಅಭಿವೃದ್ಧಿಯೇ. ಕಾರು ನಿಲ್ಲಿಸಲೆಂದು ನಕ್ಷೆಯಲ್ಲಿ ತೋರಿಸಿದ ನೆಲ ಅಂತಸ್ತಿಗೆ ರೋಲಿಂಗ್ ಶಟರ್ ಹಾಕಿಸಿ ಅಂಗಡಿಗೆ ಕೊಟ್ಟರೆ, ಮನೆಯನ್ನು ಪಿ.ಜಿ.ಯಾಗಿ ಪರಿವರ್ತಿಸಿದರೆ, ಗೋಡೆಗಳೆಲ್ಲ ಇದ್ದಲ್ಲೇ ಇದ್ದರೂ ಮಂಜೂರಾದ ಮನೆ ಅದಾಗಿ ಉಳಿದಿರುವುದಿಲ್ಲ. ನಮ್ಮ ಬೀದಿಗಳಲ್ಲಿ ಕಾರುಗಳು ರಸ್ತೆಯಲ್ಲೇ ಮಲಗುವುದಕ್ಕೆ ಒಂದು ಕಾರಣ ಅವುಗಳ ಮನೆಯಲ್ಲಿ ಬೇಕರಿ ಇರುವುದು!

ಅನುಮತಿ ಬೇಕೆಂದು ತೀರ್ಮಾನವಾದ ಮೇಲೆ ಎಲ್ಲಿಗೆ ಹೋಗಬೇಕು? ಪೇಟೆಯಲ್ಲಿ ಪಾಲಿಕೆ, ನಗರಸಭೆ ಅಥವಾ ಪುರಸಭೆ; ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಹಳ್ಳಿಯ ಮನೆಗೆ ಯಾರ ಅಪ್ಪಣೆಯೂ ಬೇಡವೆಂಬುದು ನನ್ನ ಊರಿನ ಕಡೆಯೂ ಹಿರಿಯರು ಹೇಳುವ ಮಾತು, ಆದರೆ 1993ರ ಕಾಯ್ದೆಯ 64ನೆಯ ಕಲಮು ಗ್ರಾಮ ಪಂಚಾಯಿತಿಯ ಅನುಮತಿಯಿಲ್ಲದೆ ಕಟ್ಟಡ ಎಬ್ಬಿಸಬಾರದೆಂದು ಸ್ಪಷ್ಟವಾಗಿಯೇ ಹೇಳುತ್ತದೆ. ಊರು ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬಂದಿದ್ದರೆ ಆ ಪ್ರಾಧಿಕಾರದ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ. ಬೆಳೆಯುತ್ತಿರುವ ನಗರಗಳ ಅಂಚಿನ ಹಳ್ಳಿಗಳಲ್ಲಿ ಜನ ಎಡವುವುದು ಇಲ್ಲಿಯೇ.

ನಕ್ಷೆಗಿಂತ ಮೊದಲು ನೋಡುವುದು ಜಾಗದ ಕಾಗದ. ಕೃಷಿ ಜಮೀನಿನಲ್ಲಿ ಮನೆ ಕಟ್ಟುವುದಾದರೆ 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಡಿ ಭೂಪರಿವರ್ತನೆ ಆಗಿರಬೇಕು. ಅದನ್ನೇ ನಾವು ಡಿ.ಸಿ. ಕನ್ವರ್ಷನ್ ಎನ್ನುತ್ತೇವೆ. ಬೇಸಾಯಕ್ಕೆ ಬೇಕಾದ ತೋಟದ ಕಟ್ಟಡ, ಬಾವಿ ಮುಂತಾದವನ್ನು ಮಾಡಿಕೊಳ್ಳಲು ರೈತನಿಗೆ ಅದೇ ಕಲಮು ಅವಕಾಶ ಕೊಡುತ್ತದೆ. ಆ ಅವಕಾಶ ಬೇಸಾಯಗಾರನ ಅನುಕೂಲಕ್ಕೆ ಹೊರತು ವಾರಾಂತ್ಯದ ಬಂಗಲೆಗೆ ಅಲ್ಲ, ಆದರೂ 'ಫಾರ್ಮ್ ಹೌಸ್' ಎಂಬ ಪದದ ನೆರಳಿನಲ್ಲಿ ಏನೆಲ್ಲ ಎದ್ದು ನಿಂತಿದೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಳ್ಳಿಯ ನಿವೇಶನಕ್ಕೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ, ಪೇಟೆಯಲ್ಲಿ ಖಾತೆ, ಕ್ರಯಪತ್ರ, ತೆರಿಗೆ ರಸೀದಿ, ಇವು ಅರ್ಜಿಯ ಜೊತೆಗಿರಬೇಕು. ತೆರಿಗೆ ರಸೀದಿಯನ್ನೇ ಪರವಾನಗಿಯೆಂದು ಜೋಪಾನವಾಗಿಟ್ಟುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ತೆರಿಗೆ ಕಟ್ಟಡ ಇರುವುದಕ್ಕೆ ಕಟ್ಟುವಂಥದ್ದು. ಅದು ಸಕ್ರಮವಾಗಿ ಎದ್ದಿತೆಂಬ ಅರ್ಥ ಅದರಿಂದ ಹೊರಡುವುದಿಲ್ಲ.

ನಕ್ಷೆಯನ್ನು ಪರಿಶೀಲಿಸುವವರು ಮುಖ್ಯವಾಗಿ ನೋಡುವುದು ಸುತ್ತ ಬಿಟ್ಟ ಜಾಗ, ಎತ್ತರ, ಎದುರಿನ ರಸ್ತೆಯ ಅಗಲ ಮತ್ತು ಒಟ್ಟು ಕಟ್ಟಡದ ವಿಸ್ತೀರ್ಣ. ಕೊನೆಯದು ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಇರಬಹುದೆಂಬ ಅನುಪಾತಕ್ಕೆ ಎಫ್.ಎ.ಆರ್. ಎನ್ನುತ್ತಾರೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ (ಮಾಸ್ಟರ್ ಪ್ಲಾನ್) ಸಣ್ಣ ವಾಸದ ನಿವೇಶನಗಳಿಗೆ ಇಟ್ಟದ್ದು 1.75, ಅಂದರೆ ಮೂವತ್ತು ನಲವತ್ತರ ನಿವೇಶನದಲ್ಲಿ, 1,200 ಚದರ ಅಡಿಗೆ, ಎಲ್ಲ ಮಹಡಿಗಳೂ ಸೇರಿ 2,100 ಚದರ ಅಡಿ. ಅಂಥ ನಿವೇಶನದಲ್ಲಿ ನಾಲ್ಕು ಮಹಡಿ ತುಂಬ ಬಾಡಿಗೆ ಮನೆ ಕಂಡರೆ ಲೆಕ್ಕ ನೀವೇ ಹಾಕಿಕೊಳ್ಳಿ. ಹೊಸ ಮನೆಯ ನಿವೇಶನ 1,200 ಚದರ ಅಡಿ ಅಥವಾ ಮೇಲ್ಪಟ್ಟದ್ದಾದರೆ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ 2009ರ ತಿದ್ದುಪಡಿಯಿಂದಲೇ ಕಡ್ಡಾಯ. ವಿದ್ಯುತ್ ತಂತಿಯ ದೂರವನ್ನು ಬಹಳ ಜನ ಮರೆಯುತ್ತಾರೆ: 11 ಕೆ.ವಿ. ಮಾರ್ಗದಿಂದ ಅಡ್ಡಲಾಗಿ 1.2 ಮೀಟರ್ ಅಂತರ ಬಿಡಲೇಬೇಕು, ಬಾಲ್ಕನಿ ಚಾಚುವಾಗ ಆ ಅಂತರವೇ ನುಂಗಿಹೋಗುತ್ತದೆ.

ಕಚೇರಿಯ ಬಾಗಿಲಲ್ಲಿ ಕಾಯುವ ಬವಣೆ ನನಗೆ ಗೊತ್ತಿಲ್ಲದ್ದಲ್ಲ. ಒಂದು ಸಹಿಗಾಗಿ ಮಳೆಗಾಲವೇ ಕಳೆದ ಕಡತಗಳು ನನ್ನ ಕೈಯಲ್ಲೇ ಇದ್ದವು. ಆ ದೃಷ್ಟಿಯಿಂದ 2024ರಲ್ಲಿ ಬೆಂಗಳೂರಿನಲ್ಲಿ ಬಂದ 'ನಂಬಿಕೆ ನಕ್ಷೆ' ಒಳ್ಳೆಯ ಹೆಜ್ಜೆಯೆಂದೇ ನನ್ನ ಅಭಿಪ್ರಾಯ. ಐವತ್ತು ಎಂಬತ್ತರವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗಿನ ವಾಸದ ಕಟ್ಟಡಕ್ಕೆ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕವೇ ಆನ್‌ಲೈನಿನಲ್ಲಿ ತಾತ್ಕಾಲಿಕ ಮಂಜೂರಾತಿ ಪಡೆಯುವ ವ್ಯವಸ್ಥೆ ಅದು. ಇದರಿಂದ ಹೊಣೆ ನಮ್ಮಂಥವರ ಹೆಗಲಿಗೆ ಬಂದಿದೆ, ಬರಬೇಕಾದದ್ದೂ ಹೌದು.

ಕೆಲವು ಜಾಗಗಳಲ್ಲಿ ನಾನು ಈವರೆಗೆ ಹೇಳಿದ ವಿನಾಯಿತಿಗಳೂ ಕೈಕೊಡುತ್ತವೆ. ಬಾದಾಮಿ, ಐಹೊಳೆ, ಶ್ರೀರಂಗಪಟ್ಟಣ, ಬೀದರ್, ವಿಜಯಪುರ ಇಂಥ ಊರುಗಳಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ನಂತರ ನಿಷೇಧಿತ ಪ್ರದೇಶದಲ್ಲಿ ಹೊಸ ಮನೆಯ ಮಾತೇ ಇಲ್ಲ, ಇದ್ದ ಮನೆಯ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಬೇರೆ ಊರಿನಲ್ಲಿ ಮೇಸ್ತ್ರಿಯೊಬ್ಬರಿಗೆ ಹೇಳಿ ಮುಗಿಸುವ ಕೆಲಸಕ್ಕೆ ಇಲ್ಲಿ ಕಡತವೇ ಬೇಕಾಗುತ್ತದೆ. ತಲೆಮಾರುಗಳಿಂದ ಗುಡಿಯ ಪಕ್ಕದಲ್ಲೇ ಬದುಕಿದವರಿಗೆ ಇದು ಕಠಿಣವೆನಿಸುವುದು ಸಹಜ. ಕರಾವಳಿಯಲ್ಲಿ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ನಿಯಮಗಳು ಉಬ್ಬರದ ಗೆರೆಯಿಂದ ಅಳೆಯುತ್ತವೆ. 2019ರ ಅಧಿಸೂಚನೆಯಲ್ಲಿ ಜನದಟ್ಟಣೆ ಹೆಚ್ಚಿರುವ ಗ್ರಾಮೀಣ ಪ್ರದೇಶಕ್ಕೆ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶಕ್ಕೆ 200 ಮೀಟರ್ ಅಭಿವೃದ್ಧಿ ನಿಷೇಧ ವಲಯವಿದೆ. ಮಳೆನೀರು ಹರಿಯುವ ರಾಜಕಾಲುವೆಯ ಕಥೆ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ: ಮಹಾಯೋಜನೆ ಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕೆಂದಿತು, ಹಸಿರು ನ್ಯಾಯಮಂಡಳಿ 2016ರಲ್ಲಿ ಮಿತಿಗಳನ್ನು ಹಿಗ್ಗಿಸಿತು, ಸುಪ್ರೀಂ ಕೋರ್ಟ್ 2019ರಲ್ಲಿ ಆ ಹಿಗ್ಗಿಸಿದ ಭಾಗವನ್ನು ತೆಗೆದುಹಾಕಿತು.

ಮಂಜೂರಾತಿ ಸಿಕ್ಕಿತೆಂದರೆ ಕೆಲಸ ಮುಗಿಯಿತೆಂದಲ್ಲ. ಬೆಂಗಳೂರಿನ 2003ರ ಉಪವಿಧಿಗಳಲ್ಲಿ ಪರವಾನಗಿಯ ಆಯಸ್ಸು ಎರಡು ವರ್ಷ. ಸಾಲ ಸಿಗದೆಯೋ ಮನೆಯೊಳಗಿನ ಜಗಳದಿಂದಲೋ ನಿಂತ ಕೆಲಸವನ್ನು ಐದು ವರ್ಷದ ನಂತರ ಹಳೆಯ ಕಾಗದದ ಮೇಲೆ ಮುಂದುವರಿಸಲಾಗದು. ಕಟ್ಟುವಾಗ ನಕ್ಷೆಯಿಂದ ಆದ ವ್ಯತ್ಯಾಸ ಶೇಕಡ 5ರೊಳಗಿದ್ದರೆ ಅದನ್ನು ಮನ್ನಿಸುವ ಅವಕಾಶವನ್ನು ಅದೇ ಉಪವಿಧಿಗಳು ಇಟ್ಟಿದ್ದವು. ಅದಕ್ಕಿಂತ ಮಿಗಿಲಾದ ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ಹೊರಟ ಅಕ್ರಮ-ಸಕ್ರಮ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದರೂ ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. "ಈಗ ಕಟ್ಟಿಬಿಡಿ, ಆಮೇಲೆ ಸಕ್ರಮ ಮಾಡಿಸಿದರಾಯಿತು" ಎಂಬ ಸಲಹೆ ಕೊಡುವವರಿಗೆ ಈ ಇತಿಹಾಸವನ್ನು ನೆನಪಿಸಿ. ಅನುಮತಿಯಿಲ್ಲದ ಕೆಲಸ ಕಂಡಾಗ ಪಾಲಿಕೆ ನಗರಪಾಲಿಕೆಗಳ ಕಾಯ್ದೆಯ 321ನೆಯ ಕಲಮಿನಡಿ ಮೊದಲು ತಾತ್ಕಾಲಿಕ ಆದೇಶವನ್ನೂ ಕಾರಣ ಕೇಳುವ ನೋಟಿಸನ್ನೂ ಕೊಡುತ್ತದೆ, ಉತ್ತರ ಒಪ್ಪಿಗೆಯಾಗದಿದ್ದರೆ ಆದೇಶ ಖಾಯಂ ಆಗುತ್ತದೆ. ನೋಟಿಸು ಬಂದಾಗ ಅದನ್ನು ಟಿ.ವಿ. ಹಿಂದೆ ಸಿಕ್ಕಿಸಿಡಬೇಡಿ, ಉತ್ತರಿಸಲು ಇರುವ ದಿನಗಳು ಕಡಿಮೆ.

ನೋಟಿಸಿಗಿಂತ ದೊಡ್ಡ ಬಿಸಿ ಈಚೆಗೆ ಮೀಟರಿನ ಮೂಲಕ ತಟ್ಟಿದೆ. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು: ಕಟ್ಟುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು, ಮುಕ್ತಾಯ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು. ಗೃಹಪ್ರವೇಶ ಮುಗಿಸಿ ಕತ್ತಲಲ್ಲಿ ಕುಳಿತವರ ಗೋಳು ಹೆಚ್ಚಿದಾಗ ರಾಜ್ಯ ಸರ್ಕಾರ 2025ರಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ವಾಸದ ಮನೆಗಳಿಗೆ ವಾಸಯೋಗ್ಯ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿತು. ಪತ್ರಿಕೆಯ ತಲೆಬರಹ ಓದಿ "ಮೂವತ್ತು ನಲವತ್ತಕ್ಕೆ ಈಗ ಏನೂ ಬೇಡವಂತೆ" ಎಂದು ನನ್ನ ಬಳಿ ಬಂದವರಿದ್ದಾರೆ. ಬೇಡವೆಂದದ್ದು ಕೊನೆಯ ಕಾಗದ, ಮೊದಲನೆಯದಲ್ಲ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸಿದ್ದೇನೆ. ಹಿರಿಯರೊಬ್ಬರು ಕೇಳಿದರು: "ನಮ್ಮ ಮನೆಯವಳಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾಗದು. ಮಲಗುವ ಕೋಣೆ ಮೇಲಿದೆ. ಕೆಳಗೆ ಪಕ್ಕದ ಓಣಿಯ ಜಾಗದಲ್ಲಿ ಒಂದು ಕೋಣೆ, ಒಂದು ಬಚ್ಚಲು ಮಾಡಿಸಬೇಕೆಂದಿದ್ದೇನೆ. ಇದಕ್ಕೂ ಬೇಕೇ?" ಬೇಕು ಎಂದೆ, ಆ ಓಣಿ ನಕ್ಷೆಯಲ್ಲಿ ಸೆಟ್‌ಬ್ಯಾಕ್ ಆಗಿದ್ದರೆ ಕೇಳಿದರೂ ಸಿಗುವುದು ಕಷ್ಟ ಎಂದೂ ಹೇಳಿದೆ. ಅವರ ಮುಖ ಬಾಡಿತು. ಮನೆಯ ನಕ್ಷೆ ತಂದಿದ್ದೀರಾ ಎಂದಾಗ ಚೀಲದಿಂದ ತೆಗೆದು ಹರಡಿದರು. ಹಜಾರದ ಪಕ್ಕದಲ್ಲಿ ಹನ್ನೊಂದು ಅಡಿ ಅಗಲದ ಊಟದ ಕೋಣೆಯಿತ್ತು, ಅದಕ್ಕೆ ಅಂಟಿಕೊಂಡೇ ಬಚ್ಚಲು, ಪಿಲ್ಲರ್ ಮೇಲೆ ನಿಂತ ಮನೆ. ಊಟದ ಮೇಜು ಹಜಾರಕ್ಕೆ ಬಂದು, ಬಚ್ಚಲಿಗೆ ಒಳಗಿನಿಂದ ಒಂದು ಬಾಗಿಲು ಬಿದ್ದು, ತೆರೆದ ಬದಿಗೆ ಹಗುರವಾದ ಮರೆಗೋಡೆ ನಿಂತರೆ ಅದೇ ಮಲಗುವ ಕೋಣೆ. ಕಟ್ಟಡ ಹೊರಗೆ ಒಂದಂಗುಲವೂ ಬೆಳೆಯುವುದಿಲ್ಲ. ಬಾಗಿಲು, ಮರೆಗೋಡೆ ಎರಡೂ ವಿನಾಯಿತಿಯ ಪಟ್ಟಿಯಲ್ಲೇ ಇವೆ. ಬಾಗಿಲು ಕೊರೆಯುವ ಜಾಗದಲ್ಲಿ ಬೀಮು ಇದೆಯೇ ಎಂದು ನೋಡಲು ಮುಂದಿನ ಭಾನುವಾರ ಬರುತ್ತೇನೆಂದು ಹೇಳಿ ಎದ್ದೆ.